ಡುಮ್ಮಿಗೆ ಜ್ವರ

ಏಪ್ರಿಲ್ ೩

ಅಣ್ಣಾ,

ಮೊದಲು ಕೂತುಕೋ. ನಿಂತುಕೊಂಡು ಓದಬೇಡ. ನಾನು ಡುಮ್ಮಿಯನ್ನು ಹೊರಗೆ ತೆಗೆಯುತ್ತಿದ್ದೇನೆ!

ಹೌದು, ನಿನ್ನ ಡುಮ್ಮಿಯೇ. ನಿನ್ನ ಡ್ರೈವಿಂಗ್ ಸ್ಕೂಲ್ ಮುಚ್ಚಿದ ಮೇಲೆ ನೀನು ಗುಜರಿಯವನ ಹತ್ತಿರ ಜಗಳವಾಡಿ ತಂದ, ಒಳಗೆ ಹಾಸಿಗೆ, ಒಲೆ, ನೀರಿನ ತೊಟ್ಟಿ ಎಲ್ಲ ಇರುವ, ಹೆಚ್ಚುಕಡಿಮೆ ನನ್ನಷ್ಟೇ ವಯಸ್ಸಾದ ಆ ಮೋಟಾರ್‌ಹೋಮ್. ನೀನು ಬೆಟ್ಟದ ಮೇಲಿನ ಆಸ್ಪತ್ರೆ ಸೇರಿದಾಗಿನಿಂದ ನನ್ನ ಹಿತ್ತಲಲ್ಲಿ ಟಾರ್ಪಾಲು ಹೊದ್ದು ಬಿದ್ದಿತ್ತು. ಇವತ್ತು ಟಾರ್ಪಾಲು ಎಳೆದೆ. ಎರಡೇ ಸಲಕ್ಕೆ ಸ್ಟಾರ್ಟ್ ಆಯಿತು ಕಣೋ! ಪಕ್ಕದ ಮನೆಯವರು ಏನೋ ಸಿಡಿಯಿತೆಂದು ಓಡಿಬಂದರು.

ಯಾಕೆ ಎಂದು ಕೇಳುತ್ತೀಯ. ಅಮ್ಮನಿಗಾಗಿ. ಬರೆಯಲೋ ಬೇಡವೋ ಎಂದು ಒಂದು ವಾರ ಒದ್ದಾಡಿದೆ, ಈಗ ಬರೆದೇಬಿಡುತ್ತೇನೆ. ನೀನು ಸತ್ತುಹೋಗಿದ್ದೀಯ ಎಂದು ಅಮ್ಮ ತೀರ್ಮಾನ ಮಾಡಿಬಿಟ್ಟಿದ್ದಾಳೆ.

ನಗಬೇಡ. ಅವಳ ಜಾಗದಲ್ಲಿ ಕೂತು ನೋಡು. ಅವಳಿಗೆ ಕಣ್ಣು ಪೂರ್ತಿ ಹೋಗಿದೆ, ನಿನ್ನ ಕಾಗದ ಅವಳಿಗೆ ಬರೀ ಕಾಗದ. ಬೀದಿಯ ಆ ತುದಿಗೂ ಕೇಳುವಂತೆ ಕೂಗುತ್ತಿದ್ದ ಮಗ ಗಂಟಲಿನ ಆಪರೇಷನ್ ಆದ ಮೇಲೆ ತುಟಿ ಪಿಟಕ್ಕೆಂದಿಲ್ಲ. ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದಾರಮ್ಮ, ಆದರೆ ಆಳು ಗಟ್ಟಿಯಾಗಿದ್ದಾನೆ ಎಂದು ನಾನು ಎಷ್ಟು ಹೇಳಿದರೂ ಅಷ್ಟೇ. ನಿನ್ನ ಪತ್ರ ಓದಿದರೆ, "ಚೆನ್ನಾಗಿ ಕಟ್ತೀಯ ಕಣೆ" ಅನ್ನುತ್ತಾಳೆ. ಅವತ್ತು ಆಸ್ಪತ್ರೆಯ ವಸತಿಗೃಹದ ಫೋನಿನಲ್ಲಿ ನೀನು ಬೆರಳಿಂದ ಟಕಟಕ ತಟ್ಟಿದೆಯಲ್ಲ? "ಮರಕುಟಿಗಾನೂ ತಟ್ಟತ್ತೆ" ಅಂದಳು. ನೀನು ಚಿಕ್ಕಂದಿನಲ್ಲಿ ಅವಳ ದೊಡ್ಡ ಕತ್ತರಿಯನ್ನು ಬಾವಿಗೆ ಹಾಕಿದ್ದನ್ನು ನೀನೇ ಬರೆದು ಕಳಿಸಿದಾಗಲೂ ಓದಿ ಹೇಳಿದೆ. "ಅದು ನಿನಗೂ ಗೊತ್ತಿತ್ತು. ನೀವಿಬ್ರೂ ಸೇರಿ ಮಾಡಿದ ಕಳ್ಳತನಗಳೇ ಎಲ್ಲ" ಅಂದಳು.

ಊಟ ಎರಡು ತುತ್ತಿಗೆ ಇಳಿದಿದೆ. ಕಣ್ಣು ಹೋದ ಮೇಲೂ ಬೆರಳಲ್ಲೇ ನೋಡಿಕೊಂಡು ಹೊಲಿಯುತ್ತಿದ್ದವಳು ಈಗ ಮೆಷಿನ್ನಿಗೆ ಬಟ್ಟೆ ಮುಚ್ಚಿಬಿಟ್ಟಿದ್ದಾಳೆ. ನನಗೆ ಭಯವಾಗಿದೆ, ಅಣ್ಣ. ನಿನಗೆ ಕಿರಣ ಚಿಕಿತ್ಸೆ ಮುಗಿಯುವವರೆಗೆ ಬೆಟ್ಟ ಇಳಿಯುವ ಹಾಗಿಲ್ಲ. ಅವಳಿಗೆ ಸೊಂಟ ಮುರಿದಾಗಿನಿಂದ ಕೂರಲು ಆಗುವುದಿಲ್ಲ. ಅಲ್ಲಿಗೆ ರೈಲಿಲ್ಲ, ಬಸ್ಸಿನಲ್ಲಿ ಮಲಗಿಸಿಕೊಂಡು ಬರಲಾಗದು. ಡುಮ್ಮಿಯಲ್ಲಿ ಹಾಸಿಗೆ ಇದೆ! ಶಾಲೆಗೆ ರಜೆ ಬಂತೆಂದರೆ ನನ್ನ ಸ್ಕೂಲ್ ವ್ಯಾನಿಗೂ ರಜೆ. ಅವಳನ್ನು ಕರೆದುಕೊಂಡು ಬಂದು ನಿನ್ನ ಮುಂದೆ ನಿಲ್ಲಿಸುತ್ತೇನೆ. ನಿಲ್ಲಿಸುವುದಲ್ಲ, ಮಲಗಿಸುತ್ತೇನೆ.

ಬೈಗುಳಕ್ಕೆ ಕಿವಿಗೆ ಹತ್ತಿ ಇಟ್ಟುಕೊಂಡು ಕಾಯುತ್ತಿರುವ,
ಪುಟ್ಟಿ

ಏಪ್ರಿಲ್ ೧೧

ಪುಟ್ಟಿ,

ಬೇಡ. ಬೇಡ. ಬೇಡ! ಮೂರಕ್ಕೂ ಕೆಳಗೆ ಗೆರೆ ಎಳೆದಿದ್ದೇನೆ, ನೋಡು, ಮೂರನೆಯದಕ್ಕೆ ಕಾಗದ ಹರಿದಿದೆ.

ನಿನಗೆ ತಲೆ ಕೆಟ್ಟಿದೆಯೇ? ನಡುಬೇಸಿಗೆಯಲ್ಲಿ, ಮರವಿಲ್ಲದ ಆ ಬಯಲಿನಲ್ಲಿ, ಎ.ಸಿ. ಇಲ್ಲದ ಡುಮ್ಮಿಯಲ್ಲಿ, ಅಮ್ಮನನ್ನು ಮಲಗಿಸಿಕೊಂಡು? ಅದರ ಎಂಜಿನ್ ಎಲ್ಲಿದೆ ಎಂದು ಗೊತ್ತಿದೆಯಲ್ಲ, ಮುಂದಿನ ಎರಡು ಸೀಟಿನ ನಡುವೆ! ಗಂಟೆಗಟ್ಟಲೆ ಓಡಿಸಿದರೆ ಅದರ ಮುಚ್ಚಳದ ಮೇಲೆ ಕೈ ಇಡಲಾಗುವುದಿಲ್ಲ. ಆ ಬಿಸಿಯೆಲ್ಲ ನೇರ ಒಳಗೇ ಬರುತ್ತದೆ. ಮೇಲೆ ತಗಡು, ಸುತ್ತ ತಗಡು. ಅದು ತಂಪು ದೇಶದವರು ತಂಪು ಹವೆಗೆಂದು ಕಟ್ಟಿಸಿದ ಗಾಡಿ, ಅದಕ್ಕೇ ಅದರಲ್ಲಿ ಎರಡೆರಡು ಹೀಟರ್ ಇವೆ, ಒಂದು ಡ್ರೈವರ್ ಕಾಲ ಹತ್ತಿರ, ಇನ್ನೊಂದು ಹಿಂದಿನ ಹಾಸಿಗೆಯ ಕೆಳಗೆ. ಬೇಸಿಗೆಗೆಂದು ಅದರಲ್ಲಿ ಏನೂ ಇಲ್ಲ. ಅಮ್ಮನನ್ನು ಒಲೆಯೊಳಗೆ ಇಟ್ಟು ತರುತ್ತೇನೆ ಎನ್ನುತ್ತಿದ್ದೀಯ.

ಇನ್ನು ನಾನು ಸತ್ತಿದ್ದೇನೆ ಎನ್ನುವುದು. ಓದಿ ನಗು ಬಂತು, ಆಮೇಲೆ ಬರಲಿಲ್ಲ. ಊಟದ ಕೋಣೆಯ ಗಡಿಯಾರದ ಕೆಳಗೆ ಬಹಳ ಹೊತ್ತು ಕೂತಿದ್ದೆ. ಹೇಳು ಅವಳಿಗೆ. ಹೇಗಾದರೂ ಹೇಳು. ನೀನು ಬುದ್ಧಿವಂತೆ, ದಾರಿ ಹುಡುಕು. ಆದರೆ ರಸ್ತೆಯ ದಾರಿ ಬೇಡ.

ಬರಹದಲ್ಲೂ ಗಂಟಲು ಹರಿದುಕೊಳ್ಳುತ್ತಿರುವ,
ಅಣ್ಣ

ಮತ್ತೆ: ಫ್ಯಾನ್ ಬೆಲ್ಟ್ ಹಳೆಯದು. ಸುಮ್ಮನೆ ಸ್ಟಾರ್ಟ್ ಮಾಡಿ ನೋಡುವುದಕ್ಕೂ ಅದು ಸಾಲದು. ಬದಲಾಯಿಸು.

ಏಪ್ರಿಲ್ ೧೯

ಅಣ್ಣಾ,

ಫ್ಯಾನ್ ಬೆಲ್ಟ್ ಬದಲಾಯಿಸಿದೆ! "ಬೇಡ" ಎಂದು ಮೂರು ಸಲ ಬರೆದು ಕೊನೆಗೆ ಬೆಲ್ಟ್ ಬಗ್ಗೆ ಬರೆದೆಯಲ್ಲ, ಆಗಲೇ ಗೊತ್ತಾಯಿತು ನೀನು ಅರ್ಧ ಒಪ್ಪಿದ್ದೀಯ ಎಂದು. ಉಳಿದರ್ಧವನ್ನು ಈ ಪತ್ರದಲ್ಲಿ ಒಪ್ಪಿಸುತ್ತೇನೆ.

ಡುಮ್ಮಿಯ ತಲೆಗೆ ಬಿಳಿ ಬಣ್ಣ ಬಳಿದೆ, ಎರಡು ಕೈ. ನನ್ನ ಕೂದಲಿಗೂ ಅಷ್ಟೇ ಬಳಿದುಕೊಂಡೆ. ಬಿಸಿಲಲ್ಲಿ ನಿಲ್ಲಿಸಿ ಒಳಗೆ ಹೋಗಿ ಛಾವಣಿ ಮುಟ್ಟಿದರೆ, ಮೊದಲು ಹಪ್ಪಳ ಸುಡಬಹುದಿತ್ತು, ಈಗ ಕೈ ಇಟ್ಟುಕೊಂಡೇ ಇರಬಹುದು. ಎಂಜಿನ್ ಮುಚ್ಚಳದ ಮೇಲೆ ದಪ್ಪ ಕಂಬಳಿ, ಅದರ ಮೇಲೆ ಹೊಳೆಯುವ ಹಾಳೆ. ರೇಡಿಯೇಟರಿನ ಸಂದಿಗಳಲ್ಲಿ ಸಿಕ್ಕಿಕೊಂಡಿದ್ದ ಸತ್ತ ಚಿಟ್ಟೆ, ಮಣ್ಣು ಎಲ್ಲವನ್ನೂ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ ತೆಗೆದೆ. ಎಷ್ಟು ಚಿಟ್ಟೆ ಹೊಡೆದಿದ್ದೀಯೋ, ಪಾಪಿ!

ಈಗ ದೊಡ್ಡ ಸುದ್ದಿ. ಅಮ್ಮ ಮೆಷಿನ್ನಿನ ಮೇಲಿನ ಬಟ್ಟೆ ತೆಗೆದಳು!

ನಾನು ಅಂಗಡಿಯಿಂದ ಪರದೆ ತರುತ್ತೇನೆ ಎಂದಿದ್ದೇ ತಪ್ಪಾಯಿತು. "ಅಂಗಡಿ ಪರದೆ? ಆ ನೈಲಾನು ಗಾಳಿ ಬಿಡತ್ತೇನೆ? ನೀರು ಹಿಡಿಯತ್ತೇನೆ?" ಎಂದು ಎದ್ದು ಕೂರಲು ಹೋದಳು, ಕೂರಲಾಗದೆ ಎದ್ದೇ ನಿಂತಳು. ಈಗ ಮೆಷಿನ್ನಿಗೆ ನಾಲ್ಕು ಇಟ್ಟಿಗೆ ಎತ್ತರ ಕೊಟ್ಟು, ನಿಂತುಕೊಂಡೇ ಕೈಚಕ್ರ ತಿರುಗಿಸಿ ಹೊಲಿಯುತ್ತಿದ್ದಾಳೆ. ಹಳೆಯ ಹತ್ತಿ ಹೊದಿಕೆಗಳನ್ನೆಲ್ಲ ಕತ್ತರಿಸಿ ಹನ್ನೊಂದು ಕಿಟಕಿಗೂ ಪರದೆ. ಒದ್ದೆ ಮಾಡಿ ಗಾಳಿ ಬರುವ ಕಡೆ ಕಟ್ಟಿದರೆ ಬಿಸಿಗಾಳಿ ಅದನ್ನು ದಾಟುವಷ್ಟರಲ್ಲಿ ತಣ್ಣಗಾಗುತ್ತದೆ. ಹಿತ್ತಲಲ್ಲಿ ಪರೀಕ್ಷೆ ಮಾಡಿದೆವು. ಅಮ್ಮ ಒಳಗೆ ಮಲಗಿ, "ಪರವಾಗಿಲ್ಲ, ಜೀವ ಹಿಡಿಯತ್ತೆ" ಅಂದಳು.

ನಂಬಿದ್ದಾಳೆ ಎಂದುಕೊಳ್ಳಬೇಡ. ಸೂಜಿಗೆ ದಾರ ಪೋಣಿಸುತ್ತಾ ಹೇಳಿದಳು: "ನಡಿ. ನಿನ್ನ ಸುಳ್ಳು ಎಷ್ಟು ದೂರ ಓಡತ್ತೆ ನೋಡೇಬಿಡೋಣ."

ನಾಲಿಗೆಗೂ ಬಣ್ಣ ತಾಗಿಸಿಕೊಂಡ,
ಪುಟ್ಟಿ

ಏಪ್ರಿಲ್ ೨೭

ಪುಟ್ಟಿ,

ನಿಂತು ಹೊಲಿಯುತ್ತಿದ್ದಾಳಾ! ಸೊಂಟ ನೋಯುವುದಿಲ್ಲವೇ? ನನ್ನ ಪಕ್ಕದ ಕೋಣೆಯ ಮುದುಕನಿಗೆ ಈ ಸಾಲು ತೋರಿಸಿದೆ. ಅವನಿಗೂ ಮಾತಿಲ್ಲ. ಇಬ್ಬರೂ ಕೈ ಕುಲುಕಿದೆವು.

ಸರಿ. ಹೊರಡುವುದು ಖಚಿತವಾದರೆ ನಾನು ಹೇಳಿದ ಹಾಗೆ ಕೇಳಬೇಕು. ನಿನಗೆ ಸ್ಟಿಯರಿಂಗ್ ಹಿಡಿಯುವುದು ಕಲಿಸಿದವನು ನಾನು, ನೆನಪಿರಲಿ, ಮೊದಲ ದಿನವೇ ಹಾಲಿನವನ ಸೈಕಲ್ ಮಲಗಿಸಿದ್ದೂ ನೆನಪಿರಲಿ. ಬೆಳಗಿನ ತಂಪಿನಲ್ಲಿ ಮಾತ್ರ ಓಡಿಸು. ಬಿಸಿಲು ಕಾಲಿಗೆ ತಾಗಿತು ಅನ್ನುವಷ್ಟರಲ್ಲಿ ಎಲ್ಲಾದರೂ ನೆರಳು ಹುಡುಕಿ ನಿಲ್ಲಿಸು, ಸೂರ್ಯ ಮುಳುಗುವ ಕಡೆಗೆ ಡುಮ್ಮಿಯ ಬೆನ್ನು ಮಾಡು, ಮುಖವಲ್ಲ, ಮುಂದಿನ ಆ ದೊಡ್ಡ ಗಾಜಿನಿಂದ ಒಳಗೆ ಬಿಸಿಲು ಸುರಿದರೆ ಅಮ್ಮ ಸಂಜೆವರೆಗೂ ಬೇಯುತ್ತಾಳೆ. ಛಾವಣಿಯ ಕಿಂಡಿ ಯಾವಾಗಲೂ ತೆರೆದಿರಲಿ. ಬಿಸಿ ಮೇಲಿಂದ ಹೋಗಬೇಕು, ತಂಪು ಕೆಳಗಿಂದ ಬರಬೇಕು.

ಇನ್ನೊಂದು. ಇದನ್ನು ಓದಿ ನೀನು ನನಗೆ ತಲೆ ಕೆಟ್ಟಿದೆ ಎನ್ನುತ್ತೀಯ. ಏರಿನಲ್ಲಿ ಟೆಂಪರೇಚರ್ ಮುಳ್ಳು ಕೆಂಪಿನ ಕಡೆಗೆ ಹೊರಟಿತೋ, ಹೀಟರ್ ಹಾಕು. ಹೌದು, ಹೀಟರ್! ಪೂರ್ತಿ! ಎಂಜಿನ್ನಿನ ಬಿಸಿನೀರೇ ಹೀಟರಿನೊಳಗೆ ಹರಿಯುವುದು. ಅದರ ಫ್ಯಾನು ಆ ಬಿಸಿಯನ್ನು ನಿಮ್ಮ ಮೇಲೆ ಊದುತ್ತದೆ, ಎಂಜಿನ್ ಅಷ್ಟು ಹಗುರಾಗುತ್ತದೆ. ಅದರ ಬಿಸಿಯನ್ನು ನೀವು ತೆಗೆದುಕೊಂಡರೆ ಅದು ಏರುತ್ತದೆ, ಇಲ್ಲವಾದರೆ ದಾರಿಯಲ್ಲೇ ಕೂರುತ್ತದೆ. ಮುಂದಿನದು ಸಾಕು. ಹಿಂದಿನದನ್ನು, ಅಮ್ಮನ ಹಾಸಿಗೆಯ ಕೆಳಗಿನದನ್ನು, ಮುಟ್ಟಬೇಡ.

ರೇಡಿಯೇಟರ್ ಮುಚ್ಚಳವನ್ನು ಬಿಸಿಯಿದ್ದಾಗ ತೆರೆದೆಯೋ, ಮುಖ ಬೆಂದುಹೋಗುತ್ತದೆ. ನಿಲ್ಲುವ ಊರುಗಳ ಅಂಚೆ ಕಚೇರಿಗೆ ಬರೆಯುತ್ತೇನೆ. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತೇನೆ, ಇದನ್ನು ಮಾತ್ರ ಮೆತ್ತಗೆ ಬರೆದಿದ್ದೇನೆ.

ಅಣ್ಣ

ಮೇ ೯

ಅಣ್ಣಾ! ಅಣ್ಣಾ! ಅಣ್ಣಾ!

ಬಯಲಿನ ಮೊದಲ ಊರಿನ ಅಂಚೆ ಕಚೇರಿಯ ಮೆಟ್ಟಿಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ಡುಮ್ಮಿ ಎದುರಿಗೇ ಗೋದಾಮಿನ ನೆರಳಿನಲ್ಲಿ ನಿಂತಿದೆ, ಹನ್ನೊಂದು ಒದ್ದೆ ಪರದೆಗಳೂ ಪಟಪಟ ಅನ್ನುತ್ತಿವೆ. ದಾರಿಯಲ್ಲಿ ಹೋಗುವವರಲ್ಲಿ ಇಬ್ಬರು ಇಸ್ತ್ರಿ ಅಂಗಡಿ ಎಂದುಕೊಂಡು ಬಟ್ಟೆ ಕೊಡಲು ಬಂದರು!

ಎಷ್ಟು ಚೆನ್ನಾಗಿ ಓಡುತ್ತದೋ ಇದು! ಬೆಳಗಿನ ರಸ್ತೆ ಖಾಲಿ, ಮುಳ್ಳು ನಡುಮಧ್ಯದಲ್ಲಿ ಅಲುಗದೆ ನಿಂತಿತ್ತು. ನಾನು ಜೋರಾಗಿ ಹಾಡಿದೆ. ಹಿಂದಿನಿಂದ ಅಮ್ಮ, "ಗೇರು ಸರಿಯಾಗಿ ಹಾಕೆ, ಗಾಡಿ ಅಳ್ತಿದೆ" ಅಂದಳು. ಅದು ನನ್ನ ಹಾಡು ಎಂದು ಹೇಳಲಿಲ್ಲ.

ಅಮ್ಮನ ಕತ್ತಿಗೆ ಒದ್ದೆ ಬಟ್ಟೆ ಸುತ್ತಿದ್ದೇನೆ, ಕಾಲ ಹತ್ತಿರ ಟಬ್ಬಿನಲ್ಲಿ ನೀರಿದೆ, ಗುಟುಕು ಗುಟುಕಾಗಿ ಉಪ್ಪು ಸಕ್ಕರೆ ನೀರು ಕುಡಿಸುತ್ತಿದ್ದೇನೆ. ನಿಂತಾಗೆಲ್ಲ ಹೊರಗೆ ಬಂದು ಡುಮ್ಮಿಯ ಮೈ ಸವರಿ ನೋಡುತ್ತಾಳೆ, ತಲೆಯಿಂದ ಬಾಲದವರೆಗೆ. "ಇಲ್ಲಿ ಬಿಸಿ. ಇಲ್ಲಿ ಅಷ್ಟಿಲ್ಲ. ಮೂತಿ ತುಂಬಾ ಸುಡತ್ತೆ ಕಣೆ ಇದರದ್ದು, ಪಾಪ" ಅನ್ನುತ್ತಾಳೆ. ಎರಡು ತುತ್ತಿನವಳು ಈಗ ತಟ್ಟೆ ಖಾಲಿ ಮಾಡುತ್ತಿದ್ದಾಳೆ. ಆದರೆ ನಿನ್ನ ಹೆಸರೆತ್ತಿದರೆ ಗೋಡೆಯ ಕಡೆ ಹೊರಳುತ್ತಾಳೆ.

ಸೋಲುವ ಮಾತೇ ಇಲ್ಲ ಎನ್ನುವ,
ಪುಟ್ಟಿ

ಮೇ ೧೪

ಅಣ್ಣ,

ನಿಂತುಹೋದೆವು. ಭಯಪಡಬೇಡ, ಇಬ್ಬರಿಗೂ ಏನೂ ಆಗಿಲ್ಲ. ಡುಮ್ಮಿಗೆ ಆಗಿದೆ.

ಮೊನ್ನೆ ಬೆಳಗ್ಗೆ ಹೊರಟು ಸ್ವಲ್ಪ ದೂರವೂ ಹೋಗಿರಲಿಲ್ಲ, ಸಮನೆಲ, ಏರು ಇಲ್ಲ, ಬಿಸಿಲೂ ಇನ್ನೂ ಎಳೆಯದು. ಮುಳ್ಳು ಇದ್ದಕ್ಕಿದ್ದಂತೆ ಕೆಂಪಿಗೆ ಹೋಯಿತು! ಹೀಟರ್ ಹಾಕಿದೆ, ಇಳಿಯಲಿಲ್ಲ. ಗೇರ್ ಬದಲಿಸಿದೆ, ಇಳಿಯಲಿಲ್ಲ. ಆಮೇಲೆ ಢಬ್ ಎಂದು ಶಬ್ದ, ಮುಂದಿನ ಗಾಜೆಲ್ಲ ಹಬೆ. ಇಳಿದು ಮುಂದೆ ಹೋಗಿ ನೋಡಿದರೆ ಏನು ಕಂಡೆ ಗೊತ್ತಾ?

ಡುಮ್ಮಿಯ ಮೂತಿಗೆ, ಗಾಳಿ ಒಳಗೆ ಹೋಗುವ ಆ ಜಾಲರಿಗೆ, ಒದ್ದೆ ಬಟ್ಟೆ ಕಟ್ಟಿದೆ! ಅಮ್ಮ ಹೊಲಿದ ಹೊದಿಕೆಯ ತುಂಡು. ಮೂರು ಮಡಿಕೆ ಮಡಚಿ, ಅಂಚನ್ನೆಲ್ಲ ಒಳಗೆ ಸೇರಿಸಿ, ನಾಲ್ಕು ಮೂಲೆಗೂ ಲಾಡಿ ಹಾಕಿ, ಒಂದಿಷ್ಟೂ ಸುಕ್ಕಿಲ್ಲದ ಹಾಗೆ ಬಿಗಿದಿದ್ದಾಳೆ. ನಾನು ಬೆಳಗ್ಗೆ ಹಾಸಿಗೆ ಮಡಚುತ್ತಿದ್ದಾಗ ಇವಳು ಡುಮ್ಮಿಯ ಮೈ ಹಿಡಿದುಕೊಂಡು ಹೋಗಿ ಕಟ್ಟಿಬಂದಿದ್ದಾಳೆ. ರೇಡಿಯೇಟರಿಗೆ ಉಸಿರೇ ಇಲ್ಲ!

ನಾನು ಕಿರುಚಿದೆ, ಅಣ್ಣ. ನೀನು ನನಗೆ ಕಿರುಚುತ್ತಿದ್ದೆಯಲ್ಲ, ಹಾಗೆ. "ಯಾಕಮ್ಮಾ ಕಟ್ಟಿದೆ?"

ಅವಳು ಮಲಗಿದ್ದಲ್ಲಿಂದಲೇ, "ಜ್ವರ ಬಂದಿತ್ತಲ್ಲೇ ಅದಕ್ಕೆ. ಜ್ವರಕ್ಕೆ ಒದ್ದೆ ಬಟ್ಟೆ ಹಾಕದೆ ಇನ್ನೇನು ಹಾಕ್ತಾರೆ? ದೊಡ್ಡೋನಿಗೆ ಹಿಂಗೇ ಹಾಕ್ತಿದ್ದೆ" ಅಂದಳು. ನಿನಗೆ ಹಾಗೆ ಹಾಕುತ್ತಿದ್ದುದು ನನಗೆ ಗೊತ್ತಿಲ್ಲದ ವಿಷಯ, ನಾನು ಕಲ್ಲಿನಂಥವಳು, ನನಗೆ ಜ್ವರವೇ ಬರುತ್ತಿರಲಿಲ್ಲ. ಕೋಪವೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ. ರಸ್ತೆ ಬದಿಯಲ್ಲಿ ಕೂತು ನಗಲು ಶುರು ಮಾಡಿದೆ, ಅಳುವೂ ಬಂತು.

ಒಬ್ಬ ಲಾರಿಯವನು ಎಳೆದುಕೊಂಡು ಬಂದು ಈ ಊರಿನ ವರ್ಕ್‌ಶಾಪಿನಲ್ಲಿ ಬಿಟ್ಟ. ರೇಡಿಯೇಟರಿನ ಮೇಲಿನ ತೊಟ್ಟಿ ಸೀಳಿದೆ. ಮೇಸ್ತ್ರಿ ಬೆಸುಗೆ ಹಾಕುತ್ತೇನೆ ಎಂದಿದ್ದಾನೆ, ಆದರೆ ಒಂದು ರಬ್ಬರ್ ಪೈಪು ಬೇರೆ ಊರಿನಿಂದ ಬರಬೇಕು. ವರ್ಕ್‌ಶಾಪಿನ ಹಿಂದೆ ಗೋಡೆಯ ನೆರಳಿನಲ್ಲಿ ಡುಮ್ಮಿಯೊಳಗೇ ಇದ್ದೇವೆ.

ಇದಲ್ಲ ನನ್ನ ಚಿಂತೆ. ನಿನ್ನೆ ಮಧ್ಯಾಹ್ನ ಅಮ್ಮ, "ವಾಪಸ್ ಹೋಗೋಣ" ಅಂದಳು. ಬಿಸಿಲು ತಡೆಯಲಾಗುತ್ತಿಲ್ಲವೇನೋ ಎಂದುಕೊಂಡೆ. ಅದಲ್ಲ. ಗೋಡೆಯ ಕಡೆ ಹೊರಳಿ ಹೇಳಿದಳು: "ಹೋದ ಮೇಲೆ ಅಲ್ಲಿ ಅವನು ಇಲ್ಲದಿದ್ರೆ? ಮನೇಲಿದ್ರೆ ಹಾಳು ಒಂದು ಅನುಮಾನವಾದ್ರೂ ಇರತ್ತೆ. ಅದನ್ನೂ ಕಳ್ಕೊಂಡು ಬರಲಾ?"

ಏನು ಹೇಳಲಿ ಅವಳಿಗೆ? ಬೇಗ ಬರೆ.

ಪುಟ್ಟಿ

ಮೇ ೨೦

ಪುಟ್ಟಿ,

ಡುಮ್ಮಿಗೆ ಜ್ವರ! ಒದ್ದೆ ಬಟ್ಟೆ! ಓದಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ನನ್ನ ನಗುವಿಗೆ ಈಗ ಸದ್ದಿಲ್ಲ, ಗಂಟಲಿನ ತೂತಿನಿಂದ ಕುಕ್ಕರಿನ ಹಾಗೆ ಬುಸ್ ಬುಸ್ ಅನ್ನುತ್ತದೆ, ನರ್ಸ್ ಗಾಬರಿಯಾಗಿ ಓಡಿಬಂದರು. ಪತ್ರ ಅವರಿಗೂ ತೋರಿಸಿದೆ. ಈಗ ಇಡೀ ವಾರ್ಡಿಗೆ ಡುಮ್ಮಿಯ ಜ್ವರ ಎಷ್ಟಿದೆ ಎಂದು ತಿಳಿಯಬೇಕಂತೆ.

ಬೈಯಬೇಡ ಅವಳನ್ನು. ತೊಟ್ಟಿ ಬೆಸುಗೆಯಾದ ಮೇಲೆ ನೀರು ತುಂಬಿಸಿ ನಿಂತಲ್ಲೇ ಅರ್ಧಗಂಟೆ ಓಡಿಸಿ ನೋಡು, ಒಂದು ಹನಿ ಸೋರಿದರೂ ಹೊರಡಬೇಡ. ಆದರೆ ವಾಪಸ್ ಹೋಗಬೇಡ. ಬಯಲು ಮುಗಿಯುತ್ತ ಬಂದಿದೆ. ಇನ್ನು ಉಳಿದಿರುವುದು ಬೆಟ್ಟದ ಏರು ಒಂದೇ.

ಇಷ್ಟು ಅಮ್ಮನಿಗೆ ಓದು. ಇನ್ನು ಮುಂದಿನದನ್ನು ಓದಬೇಡ, ನಿನಗೆ ಮಾತ್ರ.

ನನಗೂ ಭಯ, ಪುಟ್ಟಿ. ನೀವು ಹೊರಟಾಗಿನಿಂದ ಭಯ. ಅವಳು ಬಂದರೆ ಮೊದಲು ಮುಖ ಸವರುತ್ತಾಳೆ, ಆಮೇಲೆ ಕತ್ತು. ಅಲ್ಲಿ ಅವಳ ಬೆರಳಿಗೆ ಆ ತೂತು ಸಿಗುತ್ತದೆ. ನಾನು ಅದನ್ನು ಕನ್ನಡಿಯಲ್ಲಿ ನೋಡಲು ಒಂದು ತಿಂಗಳು ತೆಗೆದುಕೊಂಡೆ. ಅವಳಿಗೆ ಏನಾಗಬಹುದು? ಆಗ ನಾನು, "ಏನಿಲ್ಲ ಬಿಡಮ್ಮ" ಅನ್ನುವುದಕ್ಕೂ ಆಗುವುದಿಲ್ಲ. ಜನ್ಮವಿಡೀ ಕೂಗಿದೆ, ಬೇಕಾದಾಗ ಒಂದು ಮಾತಿಲ್ಲ. ಒಮ್ಮೊಮ್ಮೆ ನೀವು ವಾಪಸ್ ಹೋದರೇ ಒಳ್ಳೆಯದೇನೋ ಅನ್ನಿಸುತ್ತದೆ. ಆಮೇಲೆ ಕಿಟಕಿಗೆ ಹೋಗಿ ರಸ್ತೆ ನೋಡುತ್ತೇನೆ.

ಬನ್ನಿ.

ಅಣ್ಣ

ಜೂನ್ ೧೨

ಅಣ್ಣಾ,

ಅಮ್ಮನನ್ನೂ ಡುಮ್ಮಿಯನ್ನೂ ನಿನ್ನ ಹತ್ತಿರ ಬಿಟ್ಟು ಬಸ್ಸಿನಲ್ಲಿ ಊರು ಸೇರಿದೆ. ನಾಳೆಯಿಂದ ಶಾಲೆ, ವ್ಯಾನು ತೊಳೆದಿಟ್ಟಿದ್ದೇನೆ. ಡುಮ್ಮಿಯ ಮುಂದೆ ಇದು ಆಟಿಕೆಯ ಹಾಗೆ ಕಾಣುತ್ತದೆ. ಅಮ್ಮನಿಲ್ಲದ ಮನೆಯಲ್ಲಿ ಮಾತಾಡಲು ಯಾರೂ ಇಲ್ಲ, ಅದಕ್ಕೇ ಬರೆಯಲು ಕೂತೆ. ಅಲ್ಲಿದ್ದ ಅಷ್ಟು ದಿನವೂ ಅಮ್ಮ ನಿನ್ನ ಕೈ ಬಿಡಲಿಲ್ಲ, ನಿನಗೆ ಪೆನ್ನು ಹಿಡಿಯಲು ಕೈಯೇ ಖಾಲಿಯಿರಲಿಲ್ಲ, ಹೀಗಾಗಿ ನಾವು ಸರಿಯಾಗಿ ಏನೂ ಹೇಳಿಕೊಳ್ಳಲಿಲ್ಲ.

ಮೊದಲು ನನ್ನದೊಂದು ಹೇಳುತ್ತೇನೆ. ಓದಬೇಡ ಎಂದಿದ್ದೆಯಲ್ಲ, ಅದನ್ನೂ ಅಮ್ಮನಿಗೆ ಓದಿಬಿಟ್ಟೆ. ಬೇಕೆಂದೇ ಓದಿದೆ. "ನನಗೂ ಭಯ" ಎಂದು ಶುರುವಾಯಿತಲ್ಲ, ಅಲ್ಲಿಂದ ಕೊನೆಯವರೆಗೆ. ಅವಳು ನನ್ನ ಕಡೆ ಹೊರಳಿ ಕೇಳಿಸಿಕೊಂಡಳು. ಆಮೇಲೆ ಹೇಳಿದಳು, "ಇದು ನೀನು ಕಟ್ಟಿದ್ದಲ್ಲ. ನೀನಾಗಿದ್ರೆ ಅವನ ಬಾಯಲ್ಲಿ ಧೈರ್ಯದ ಮಾತು ಹಾಕ್ತಿದ್ದೆ." ಮತ್ತೆ ಸ್ವಲ್ಪ ಹೊತ್ತಿಗೆ, "ಆ ಪೈಪು ಬಂತೇನೆ?" ಅಂದಳು. ನಾನು ಎದ್ದು ಕುಣಿದೆ! ಡುಮ್ಮಿಯ ನೆಲ ಧಡಧಡ ಅಂದಿತು, ಮೇಸ್ತ್ರಿ ಬಂದು ಏನಾಯಿತು ಎಂದು ಕೇಳಿದ.

ಬೆಟ್ಟದ ಏರಿನ ಕತೆ ಅರ್ಧವೇ ನಿನಗೆ ಗೊತ್ತಿರುವುದು. ಅರ್ಧ ಏರಿದ್ದೆವು, ಬಿಸಿಲು ನೆತ್ತಿಗೆ ಬರುತ್ತಿತ್ತು, ಮುಂದೆ ಕಲ್ಲು ತುಂಬಿದ ಲಾರಿ ಆಮೆಯ ಹಾಗೆ ಹೋಗುತ್ತಿತ್ತು. ಮುಳ್ಳು ಎದ್ದಿತು. ಮುಂದಿನ ಹೀಟರ್ ಪೂರ್ತಿ ಹಾಕಿದೆ. ಹೊರಗೆ ಉರಿ, ಒಳಗೆ ಉರಿ, ಬೆವರು ಕಣ್ಣಿಗೆ ಇಳಿದು ರಸ್ತೆ ಕಾಣಲಿಲ್ಲ. ಮುಳ್ಳು ಸ್ವಲ್ಪ ನಿಂತಿತು, ಮತ್ತೆ ಏರಿತು. ನಿಲ್ಲಿಸಿದರೆ ಆ ಏರಿನಲ್ಲಿ ಮತ್ತೆ ಎತ್ತಲಾಗುವುದಿಲ್ಲ. "ಅಮ್ಮಾ, ನಿಲ್ಲಿಸ್ಲಾ?" ಎಂದು ಕೂಗಿದೆ.

"ನನ್ನ ಕಡೇದೂ ಹಾಕು!"

"ಹಾಸಿಗೆ ಕೆಳಗೇ ಇದೆಯಮ್ಮ ಅದು, ಬೆಂದುಹೋಗ್ತೀಯ! ಅಣ್ಣ ಬೇಡ ಅಂದಿದಾನೆ!"

"ಅವನು ಬದುಕಿದ್ರೆ ಅಲ್ಲಿಗೆ ಹೋದ್ಮೇಲೆ ಬೈತಾನೆ. ಹಾಕೇ! ಅದರ ಜ್ವರ ನನಗಿರಲಿ, ಅದು ಏರಲಿ!"

ಹಾಕಿದೆ, ಅಣ್ಣ. ಮುಳ್ಳು ನಿಂತಿತು. ಒಂದು ತಿರುವು, ಇನ್ನೊಂದು ತಿರುವು, ಮುಳ್ಳು ಇಳಿಯತೊಡಗಿತು! ಹಿಂದೆ ಅಮ್ಮ ಒದ್ದೆ ಪರದೆಯೊಂದನ್ನು ಮೈಮೇಲೆ ಎಳೆದುಕೊಂಡು, "ಹೋಗು! ಹೋಗು! ಹೋಗು!" ಅನ್ನುತ್ತಿದ್ದಳು. ಅವಳಿಗೆ ಎಂಬತ್ತಾಗಿದೆ ಎಂದು ಯಾರು ಹೇಳುತ್ತಾರೆ? ಲಾರಿಯನ್ನು ಹಿಂದೆ ಹಾಕಿದಾಗ ಇಬ್ಬರೂ ಸೇರಿ ಕೂಗಿದ್ದು ನಿನಗೆ ಅಲ್ಲೇ ಕೇಳಿಸಿರಬೇಕು.

ವಸತಿಗೃಹದ ಗೇಟಿಗೆ ಬಂದು ನಿಂತೆವು, ಡುಮ್ಮಿಯ ಮೂತಿಯಿಂದ ಮತ್ತೆ ಬುಸ್ಸೆಂದು ಹಬೆ. ನೀನು ಓಡಿಬರುತ್ತಿದ್ದುದು ಕಂಡಿತು. ಎಷ್ಟು ಸಣ್ಣಗಾಗಿದ್ದೀಯೋ! ನೀನು ಹಿಂದಿನ ಬಾಗಿಲು ತೆಗೆದು ಒಳಗೆ ಹೋದೆ, ನಾನು ಇಗ್ನಿಷನ್ ಆಫ್ ಮಾಡಿ ನೀರಿನ ಕ್ಯಾನು ಹಿಡಿದುಕೊಂಡು ಮೂತಿಯ ಹತ್ತಿರ ನಿಂತೆ. ನಿಜ ಹೇಳಬೇಕೆಂದರೆ, ಒಳಗೆ ಬರಲು ಧೈರ್ಯ ಸಾಲಲಿಲ್ಲ.

ಹಬೆಯ ಬುಸ್ಸಿನಲ್ಲಿ ಒಳಗಿನದೊಂದೂ ನನಗೆ ಕೇಳಿಸಲಿಲ್ಲ. ಆಮೇಲೆ ನೀನು ಇದ್ದಕ್ಕಿದ್ದಂತೆ ಮುಂದೆ ಓಡಿಬಂದೆ. ಮುಖವೆಲ್ಲ ಒದ್ದೆ. ಗಾಜಿನ ಈಚೆ ನಾನಿದ್ದೇನೆ ಎಂದೂ ನೋಡಲಿಲ್ಲ, ಡ್ರೈವರ್ ಸೀಟಿಗೆ ಬಗ್ಗಿ ಅದೇನೋ ಗುಂಡಿ ತಿರುಗಿಸಿದೆ, ಮತ್ತೆ ಹಾಗೇ ಹಿಂದಕ್ಕೆ ಓಡಿದೆ. ಅದೇನು? ಒಳಗೆ ಏನಾಯಿತು? ಅಮ್ಮನನ್ನು ಕೇಳಿದರೆ, "ಅವನನ್ನೇ ಕೇಳು, ಅವನಿಗೇನು ಬಾಯಿಲ್ವಾ" ಎಂದು ನಕ್ಕಳು!

ಹೇಳು. ಒಂದನ್ನೂ ಬಿಡಬೇಡ.

ನಿನ್ನ ಶಿಷ್ಯರಲ್ಲೆಲ್ಲ ಜಾಣೆ,
ಪುಟ್ಟಿ

ಜೂನ್ ೨೦

ಪುಟ್ಟಿ,

ಹಿಂದಿನ ಹೀಟರ್ ಮುಟ್ಟಬೇಡ ಎಂದಿದ್ದೆ. ಬೈಗುಳ ಮುಗಿಯಿತು. ಇನ್ನು ಕೇಳು.

ಬಾಗಿಲು ತೆಗೆದಾಗ ಮುಖಕ್ಕೆ ಬಿಸಿ ಬಡಿಯಿತು. ಅವಳು ಕಣ್ಣು ಮುಚ್ಚಿ ಮಲಗಿದ್ದಳು, ಮುಖ ಕೆಂಪಗೆ ಕಾದಿತ್ತು. ನನ್ನ ಹೆಜ್ಜೆ ಕೇಳಿ, "ಯಾರು?" ಅಂದಳು. ನಾನು ಬಾಯಿ ತೆರೆದೆ. ಅಭ್ಯಾಸ ನೋಡು, ಬಾಯಿ ತೆರೆದೇಬಿಟ್ಟೆ! ಏನೂ ಬರಲಿಲ್ಲ. ಅವಳು ಮತ್ತೆ, "ಯಾರಪ್ಪಾ? ಆಸ್ಪತ್ರೆಯವರಾ?" ಅಂದಳು. ಅಪರಿಚಿತರನ್ನು ಮಾತಾಡಿಸುವ ಹಾಗೆ. ಕೈ ಮುಂದೆ ಮಾಡಲಿಲ್ಲ. ಎರಡೂ ಕೈಗಳನ್ನು ಎದೆಯ ಮೇಲೆ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಅವಳಿಗೆ ಎಷ್ಟು ಭಯವಾಗಿತ್ತೋ, ಮುಟ್ಟಿ ನೋಡಿದರೆ ನಾನಲ್ಲದೆ ಇನ್ಯಾರೋ ಆಗಿದ್ದರೆ ಎಂದು.

ನಾನೇ ಅವಳ ಕೈ ಹಿಡಿಯಬಹುದಿತ್ತು, ಅದು ಹೊಳೆಯಲೇ ಇಲ್ಲ. ಅವಳ ಮುಖದ ಬಿಸಿಯೊಂದೇ ಕಣ್ಣಿಗೆ ಬಿತ್ತು. ಹಾಸಿಗೆಯ ಪಕ್ಕದಲ್ಲಿ ನಿನ್ನ ಟಬ್ಬಿನಲ್ಲಿ ಬಟ್ಟೆಯೊಂದು ಬಿದ್ದಿತ್ತು, ಲಾಡಿ ಇದ್ದುದು, ಡುಮ್ಮಿಯ ಮೂತಿಗೆ ಕಟ್ಟಿದ್ದು. ಎತ್ತಿಕೊಂಡೆ. ಹಿಂಡಿದೆ. ಮೂರು ಮಡಿಕೆ ಮಾಡಿ, ಹೊಲಿಗೆಯ ಅಂಚು ಚರ್ಮಕ್ಕೆ ಒತ್ತದ ಹಾಗೆ ಒಳಗೆ ತಿರುಗಿಸಿ, ಒಮ್ಮೆ ನನ್ನ ಮಣಿಕಟ್ಟಿಗೆ ಇಟ್ಟು ನೋಡಿ, ಅವಳ ಹಣೆಯ ಮೇಲೆ ಹಾಕಿದೆ. ಯೋಚಿಸಿ ಮಾಡಿದ್ದಲ್ಲ ಪುಟ್ಟಿ. ನನಗೆ ಬೇರೆ ಥರ ಹಾಕಲು ಬರುವುದೇ ಇಲ್ಲ. ಅಷ್ಟು ಸಲ ಅವಳು ನನಗೆ ಹಾಗೆ ಹಾಕಿದ್ದಳು.

ಅವಳು ಅಲುಗದೆ ಮಲಗಿದ್ದಳು. ಆಮೇಲೆ ಒಂದು ಕೈ ಎದೆಯಿಂದ ಬಿಡಿಸಿ ಹಣೆಗೆ ತಂದಳು. ಬಟ್ಟೆಯ ಉದ್ದಕ್ಕೂ ಬೆರಳು ಆಡಿಸಿದಳು, ಅಂಚು ಹುಡುಕುತ್ತಾ, ಈ ತುದಿಯಿಂದ ಆ ತುದಿಯವರೆಗೆ. ಸಿಗಲಿಲ್ಲ. ಅಂಚು ಒಳಗಿತ್ತು.

"ದೊಡ್ಡೋನೇ" ಅಂದಳು.

ಅವಳ ಕೈ ನನ್ನ ಮುಖಕ್ಕೆ ಬಂತು, ಕತ್ತಿಗೆ ಬಂತು. ನಾನು ಹೆದರಿದ್ದು ಇದಕ್ಕೇ ತಾನೆ? ಬೆರಳು ಆ ತೂತಿನ ಹತ್ತಿರ ನಿಂತಿತು, ನನ್ನ ಉಸಿರು ಬೆರಳಿಗೆ ತಾಗಿತು. ಅವಳು ಕೈ ತೆಗೆಯಲಿಲ್ಲ. "ಬಿಸಿ ಇದೆ ಉಸಿರು" ಅಂದಳು, ಅಷ್ಟೇ. ಇಬ್ಬರೂ ಅತ್ತೆವು, ಅವಳು ಸದ್ದು ಮಾಡಿ, ನಾನು ಬುಸ್ ಬುಸ್ ಎಂದು.

ಆಮೇಲೆ ಅವಳು ಮೂಗು ಒರೆಸಿಕೊಂಡು, ನಾನು ಶಾಲೆಯಿಂದ ಬಂದಾಗ ಹೇಳುತ್ತಿದ್ದಳಲ್ಲ, ಅದೇ ದನಿಯಲ್ಲಿ ಹೇಳಿದಳು: "ಅವಳು ಆ ಹೀಟರ್ ಹಾಗೇ ಬಿಟ್ಟು ಹೋಗಿದಾಳೆ ಕಣೋ. ಕೆಳಗಿಂದ ಇನ್ನೂ ಊದ್ತಾ ಇದೆ, ಬೆನ್ನು ಸುಡ್ತಿದೆ. ಹೋಗಿ ಆರಿಸು ಹೋಗು."

ಹೌದು ಪುಟ್ಟಿ! ಇಗ್ನಿಷನ್ ಆಫ್ ಮಾಡಿದರೂ ಅದರ ಫ್ಯಾನು ಬ್ಯಾಟರಿಯಿಂದಲೇ ಓಡುತ್ತದೆ, ಗುಂಡಿ ತಿರುಗಿಸಿಯೇ ಆರಿಸಬೇಕು. ನೀನು ಮರೆತಿದ್ದೆ. ಈ ಜನ್ಮದಲ್ಲಿ ನೀನು ಮಾಡಿದ ಅತ್ಯಂತ ಒಳ್ಳೆಯ ತಪ್ಪು ಅದು.

ಗಾಜಿನಾಚೆ ನೀನಿದ್ದುದು ನನಗೆ ಕಾಣಲಿಲ್ಲವೆಂದು ಬೇಜಾರು ಮಾಡಿಕೊಳ್ಳಬೇಡ. ಸತ್ತವನಿಗೆ ಯಾರೂ ಕೆಲಸ ಹೇಳುವುದಿಲ್ಲ. ಅಮ್ಮ ನನಗೆ ಕೆಲಸ ಹೇಳಿದ್ದಳು, ಅದಕ್ಕೇ ಓಡಿದೆ.

ಇಲ್ಲಿ ಪಕ್ಕದಲ್ಲೇ ಅವಳು ಹೊಲಿಯುತ್ತಿದ್ದಾಳೆ, ನಿಂತುಕೊಂಡು, ನನ್ನ ಕತ್ತಿಗೆ ಕಟ್ಟಿಕೊಳ್ಳಲು ತೆಳು ಬಟ್ಟೆಯ ಪಟ್ಟಿ,
ನಿನ್ನ ಬದುಕಿರುವ ಅಣ್ಣ